ರನ್‌ವೇಯಲ್ಲಿ ದನ ಇರಲಿಲ್ಲ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಬೋರಲಿಂಗಯ್ಯನ ಗುಂಡಿ ಎದೆಮಟ್ಟ ತಲುಪಿತು. ಕಲ್ಯ ಎಂಬ ಊರಿನ ಆಚೆ, ಅವನದೇ ರಾಗಿ ಹೊಲದ ಅಂಚಿನಲ್ಲಿ ಅಗೆಯುತ್ತಿದ್ದರು. ಇಸವಿ 2009. ಹಿಂದಿನ ಸಂಜೆ ಎದೆನೋವಿನಿಂದ ತೀರಿಕೊಂಡವನಿಗೆ ಅರವತ್ತೆರಡು ವರ್ಷ.

ತಮ್ಮ ದೇವರಾಜು ಬೇಲಿಯಾಚೆ, ತನ್ನ ಪಾಲಿನ ಹೊಲದಲ್ಲಿ ನಿಂತಿದ್ದ. ಅಣ್ಣನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಮಾತು ಬಿಟ್ಟವರು ಹೆಣವನ್ನು ಮಾತಾಡಿಸದೆ ಮಣ್ಣು ಹಾಕುವಂತಿಲ್ಲ. ಅದು ಆ ಊರಿನವರ ಕಟ್ಟಳೆ. ಅಣ್ಣನಿಗೆ ಮಕ್ಕಳಿಲ್ಲದ್ದರಿಂದ ಮೊದಲ ಹಿಡಿ ತಮ್ಮನದೇ ಆಗಬೇಕಿತ್ತು. ಬೋರಲಿಂಗಯ್ಯನ ಹೆಂಡತಿ ಕೆಂಚಮ್ಮ ಊರಿನ ಹಿರಿಯ ಮುನಿರಾಮಯ್ಯನನ್ನು ಎರಡು ಸಲ ಕಳಿಸಿದ್ದಳು.

"ಸತ್ತೋನೇನು ಎದ್ದು ಜಗಳಕ್ಕೆ ಬಂದಾನೇನ್ಲಾ? ಬಾ," ಎಂದ ಮುನಿರಾಮಯ್ಯ.

"ನನ್ ಹಸುವಿನ್ ಮ್ಯಾಲೆ ತಪ್ ಹೊರ್ಸಿ ಹೆಬ್ಬೆಟ್ ಒತ್ತಿದೋನ್ನ ಏನಂತ ಮಾತಾಡಿಸ್ಲಿ?" ಎಂದ ದೇವರಾಜು.

*

2006ರ ಮಾರ್ಚ್. ಗುಡ್ಡದ ಬುಡದಲ್ಲಿ ಕಂಪನಿಯೊಂದರ ಖಾಸಗಿ ರನ್‌ವೇ ಇತ್ತು, ಎಂಟುನೂರು ಮೀಟರ್. ನಾಲ್ಕು ಸೀಟಿನ ವಿಮಾನ ವಾರಕ್ಕೆರಡು ಸಲ ಏಳುತ್ತಿತ್ತು. ಅದಕ್ಕೆ ಮುಂಚೆ ಅಷ್ಟುದ್ದವೂ ನಡೆದು, ಕಲ್ಲು ಸಗಣಿ ಆರಿಸಿ, ದನ ಓಡಿಸಿ, ಬಿಳಿ ಬಾವುಟ ಎತ್ತುವುದು ಕಾವಲುಗಾರ ಬೋರಲಿಂಗಯ್ಯನ ಕೆಲಸ. ಆ ದಿನವೂ ನಡೆದ; ಬಾವುಟ ಎತ್ತಿದ. ವಿಮಾನ ಓಡಿತು, ಮೇಲೇಳಲಿಲ್ಲ. ರನ್‌ವೇ ಮುಗಿದ ಮೇಲೂ ಓಡಿ ಬದುವಿಗೆ ಬಡಿದು ಬಲರೆಕ್ಕೆ ಮುರಿಯಿತು. ಒಳಗೆ ಪೈಲಟ್ ಮನೋಹರ್ ಒಬ್ಬನೇ ಇದ್ದ. ಕಾಲು ಮುರಿದಿದ್ದ ಅವನನ್ನು ಬೋರಲಿಂಗಯ್ಯ ಹೊರಗೆಳೆದ.

ದೇವರಾಜುವಿನ ಹಸು ಅಡ್ಡ ಬಂತೆಂದು ಕಂಪನಿ ಬರೆಯಿತು. ಆ ಇಂಗ್ಲಿಷ್ ಕಾಗದಕ್ಕೆ ಬೋರಲಿಂಗಯ್ಯನ ಹೆಬ್ಬೆಟ್ಟು ಬಿತ್ತು. ಅವನ ಕೆಲಸ ಹೋಯಿತು. ದೇವರಾಜು ಎರಡು ತಿಂಗಳು ಠಾಣೆಗೆ ಅಲೆದ.

"ದನ ಇರ್ಲಿಲ್ಲ ಅಂತ್ಲೇ ಹೇಳಿವ್ನಿ ಕಣೆ," ಎಂದು ಬೋರಲಿಂಗಯ್ಯ ಹೆಂಡತಿಗೆ ಹೇಳುತ್ತಿದ್ದ. ಕೆಂಚಮ್ಮ ಹೂಂ ಅನ್ನುತ್ತಿದ್ದಳು, ಪೂರ್ತಿ ನಂಬಿರಲಿಲ್ಲ.

*

ಹೆಣವನ್ನು ಗುಂಡಿಗೆ ಇಳಿಸಿದ ಮೇಲೆ ರಸ್ತೆಯಲ್ಲಿ ಕಾರೊಂದು ನಿಂತಿತು. ಕುಂಟುತ್ತಾ ಬಂದವನು ಮನೋಹರ್. ಸಾವಿನ ಸುದ್ದಿ ಕಂಪನಿಯ ಹಳೆಯ ಡ್ರೈವರ್ ಮೆಹಬೂಬ್‌ನಿಂದ ತಿಳಿಯಿತೆಂದ. ಕೆಂಚಮ್ಮನ ಮುಂದೆ ಚಪ್ಪಲಿ ಬಿಟ್ಟು ನಿಂತ.

"ರನ್‌ವೇಯಲ್ಲಿ ದನ ಇರಲಿಲ್ಲಮ್ಮ. ವಿಮಾನ ನಿಲ್ಲಿಸಿದಾಗ ಸ್ಟೇರಿಂಗ್ ಅಲುಗದ ಹಾಗೆ ಒಂದು ಪಿನ್ನು ಹಾಕಿರ್ತೀವಿ. ಹೊರಡೋ ಮುಂಚೆ ತೆಗೀಬೇಕು. ನಾನು ಮರೆತೆ. ಅದಕ್ಕೇ ವಿಮಾನದ ಮೂತಿ ಮೇಲೇಳಲಿಲ್ಲ."

ಲೈಸೆನ್ಸ್ ಹೋಗುತ್ತದೆಂದು ಹೆದರಿ ಹಸುವಿನ ಕತೆ ಕಟ್ಟಿದವನು ತಾನೇ ಎಂದ. ವಿಚಾರಣೆಯಲ್ಲಿ ಬೋರಲಿಂಗಯ್ಯನನ್ನು ಮೂರು ಸಲ ಕೇಳಿದ್ದರು. ಮೂರು ಸಲವೂ ದನ ಇರಲಿಲ್ಲವೆಂದೇ ಅವನು ಹೇಳಿದ್ದ. ಕಾಗದದಲ್ಲಿ ಬೇರೆಯದೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ಕೆಂಚಮ್ಮ ಬಯ್ಯಲಿಲ್ಲ. ಬೆಳಗಿನಿಂದ ಬಿಗಿಹಿಡಿದಿದ್ದ ಸೆರಗು ಬಿಟ್ಟು ಮಣ್ಣಿನ ಗುಡ್ಡೆಯ ಮೇಲೆ ಕೂತಳು.

"ಹಂಗಾದ್ರೆ ನಮ್ ಯಜಮಾನ್ರು ಸುಳ್ ಹೇಳ್ನಿಲ್ಲ," ಎಂದಳು. ಮತ್ತೆ ಬೇಲಿಯ ಕಡೆ ತಿರುಗಿ, "ಕೇಳಿಸ್ತೇನಪ್ಪಾ ದೇವರಾಜ?"

ಕೇಳಿಸಿತ್ತು. ದೇವರಾಜು ಬೇಲಿ ದಾಟುವಾಗ ಪಂಚೆ ಮುಳ್ಳಿಗೆ ಸಿಕ್ಕಿತು. ಮುನಿರಾಮಯ್ಯ ಬಿಡಿಸಿಕೊಡುತ್ತಾ, ಮೂರು ವರ್ಷ ತಡೆದೋನು ಒಸಿ ತಡ್ಕಳ್ಳಲಾ, ಪಂಚೆ ಹರಿದಾತು ಎಂದ. ಯಾರೋ ನಕ್ಕರು.

ಮನೋಹರ್ ಒಂದು ಹಿಡಿ ಮಣ್ಣು ತೆಗೆಯಲು ಬಗ್ಗಿದ್ದ. "ನೀವು ಆಮೇಲೆ ಹಾಕಿ ಸ್ವಾಮಿ," ಎಂದ ದೇವರಾಜು. ಗುಂಡಿಯ ಅಂಚಿನಲ್ಲಿ ಮಂಡಿಯೂರಿದ.

"ಅಣ್ಣಾ, ಬಂದಿವ್ನಿ ಕಣಣ್ಣ."

ಮೊದಲ ಹಿಡಿ ಹಾಕಿದ.

ಮೂರನೆಯ ದಿನ ಹಾಲುತುಪ್ಪಕ್ಕೆ ದೇವರಾಜು ಒಂದು ಚೊಂಬು ಹಾಲು ತಂದು ಅಣ್ಣನ ಗುಡ್ಡೆಯ ಮೇಲೆ ಹೊಯ್ದ. ಹಾಲು ಅದೇ ಹಸುವಿನದು.