ಜಿಲ್ಲೆಗಿಬ್ಬರು ಡಿಜೆ

ನನಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೂ ನಂಬುವುದಿಲ್ಲ. ಇತ್ತು. ಮುರಳಿಮೋಹನನ ಮೇಲೆ ಆರು ವರ್ಷದಿಂದ ಇತ್ತು.

ತೊಂಬತ್ತಮೂರರಿಂದ ಐದು ವರ್ಷ ನಾವಿಬ್ಬರೂ ಸೇರಿ ಮೈಕ್ ಸೆಟ್ ನಡೆಸಿದ್ದೆವು. ಮದುವೆಯಿರಲಿ, ಎಲೆಕ್ಷನ್ ಇರಲಿ, ಮರ ಹತ್ತಿ ಹಾರನ್ ಕಟ್ಟುವವನು ರಾಯಲ್ಪಾಡಿನ ಮುರಳಿ, ಕೆಳಗೆ ಮೈಕ್ ಹಿಡಿದು ಟೆಸ್ಟ್ ಮಾಡುವವನು ಗಂಗುಲಪ್ಪನಾದ ನಾನು. "ಹಲೋ, ಒಂದು, ರೆಂಡು, ಮೂರು, ನಾಲುಗು" ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎಣಿಸಿದರೆ ಸುತ್ತ ನೆರೆದ ಮಕ್ಕಳು "ಐದು" ಎಂದು ಕೂಗುತ್ತಿದ್ದರು. ಆಮೇಲೆ ಅವನು ಬೇರೆಯಾದ. ಕಂಪ್ಯೂಟರ್ ತಂದ, ಡಿಜೆ ಆದ, ಹಾಡೇ ಇಲ್ಲದೆ ಬರೀ ಬೀಟಿನ ಮೇಲೆ ಓಡುವ ಟೆಕ್ನೋ ಎಂಬುದನ್ನು ಸ್ವಂತವಾಗಿ ಮಾಡತೊಡಗಿದ. ನಾನೂ ಬಿಡಲಿಲ್ಲ, ಬೋರ್ಡಿನ ಮೇಲೆ 'ಡಿಜೆ ಗಂಗು' ಎಂದು ಬರೆಸಿದೆ. ಆದರೂ ನಮ್ಮೂರಿನ ಹುಡುಗರು ನನ್ನ ಅಂಗಡಿ ಮುಂದೆಯೇ ಬಸ್ ಹತ್ತಿ, ರಾಯಲ್ಪಾಡಿಗೆ ಹೋಗಿ ಅವನನ್ನು ಬುಕ್ ಮಾಡಿ ಬರುತ್ತಿದ್ದರು. ಅವನ ಒಂದು ಸಿಡಿಯನ್ನೂ ನಾನು ಪೂರ್ತಿ ಕೇಳಿದವನಲ್ಲ. ಎಲ್ಲಾದರೂ ಕಿವಿಗೆ ಬಿದ್ದರೆ ಕುಡಿಯುತ್ತಿದ್ದ ಟೀ ಬಿಟ್ಟು ಎದ್ದು ಹೋಗುತ್ತಿದ್ದೆ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ನಮ್ಮೂರ ಆಡಿಟರ್ ನಾರಾಯಣರಾಯರ ಮಗಳು ಮೃದುಲಾ ಅಂಗಡಿಗೆ ಬಂದಳು. ಟೆಕ್ನೋ ಮೇಲೆ ಡಾಕ್ಯುಮೆಂಟರಿ ಮಾಡುತ್ತಿದ್ದಳು.

"ಸಿಟಿಯವ್ರು ಸಿಕ್ಕಿದ್ದಾರೆ ಗಂಗುಲಪ್ನೋರೆ. ನಮ್ಮ ಜಿಲ್ಲೆಯಿಂದ ಇಬ್ರು ಬೇಕು, ಅಷ್ಟೇ ಜಾಗ ಇರೋದು. ಯಾರು ಚೆನ್ನಾಗಿ ಮಾಡ್ತಾರೆ ಅಂತ ನಿಮಗೇ ಗೊತ್ತು. ಒಬ್ಬೊಬ್ರದು ಒಂದೊಂದು ಸಿಡಿ ತಂದ್ಕೊಡಿ."

ಮಾಸ್ತಿಯ ನಂದಕಿಶೋರನ ಸಿಡಿ ತಂದೆ, ಕೋಲಾರದ ಚನ್ನರಾಯಪ್ಪನ ಸಿಡಿ ತಂದೆ. ಕೊನೆಗೆ ರಾಯಲ್ಪಾಡಿಗೂ ಹೋದೆ. ಮುರಳಿ ತೋಟದಿಂದ ಓಡಿಬಂದ. ಅವನ ಹೆಂಡತಿ ಸುನಂದ ಕಾಫಿ ಕೊಟ್ಟು, ಬೇಡವೆಂದರೂ ಚೀಲಕ್ಕೆ ಟೊಮೆಟೊ ತುಂಬಿದಳು. ಜಿಲ್ಲೆಗೆ ಇಬ್ಬರೇ ಅಂತೆ ಎಂದು ಹೇಳಿದೆ. ಅವನು ಒಳಗೆ ಹೋಗಿ ಸಿಡಿಯನ್ನು ಪೇಪರ್ ಕವರಿಗೆ ಹಾಕಿ ತಂದು ಕೈಗಿಟ್ಟ.

"ಕೊಡೋಕೆ ಮುಂಚೆ ನೀನೊಂದ್ಸಾರಿ ಕೇಳು ಗಂಗಣ್ಣ. ಮೂರನೇದಂತೂ ಕೇಳ್ಲೇಬೇಕು."

"ಕೇಳ್ತೀನಿ ಬಿಡೋ" ಎಂದೆ.

ವಾಪಸ್ ಬರುವ ಬಸ್ಸಿನಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಮುರಳಿ ಇದ್ದರೆ ಎರಡರಲ್ಲಿ ಒಂದು ಜಾಗ ಅವನದೇ. ಇಲ್ಲದಿದ್ದರೆ ನಂದಕಿಶೋರ್ ಮತ್ತು ನಾನು. ಅಂಗಡಿಗೆ ಬಂದವನೇ ಕವರನ್ನು ತಿರುಗಿಸಿಯೂ ನೋಡದೆ ಡ್ರಾಯರಿಗೆ ಹಾಕಿದೆ. ನನ್ನ ಸಿಡಿ ಸೇರಿಸಿ ಮೂರನ್ನು ಮೃದುಲಾಳಿಗೆ ಕೊಟ್ಟೆ.

"ರಾಯಲ್ಪಾಡಲ್ಲಿ ಒಬ್ರಿದ್ದಾರಂತಲ್ಲ?" ಎಂದಳು.

"ಇದ್ದ ಮೇಡಂ. ಬಿಟ್ಟುಬಿಟ್ಟ. ಈಗ ಟೊಮೆಟೊ ಹಾಕ್ಕೊಂಡವ್ನೆ."

ನಾಲ್ಕು ದಿನ ಬಿಟ್ಟು ಬಂದಳು. ನಂದಕಿಶೋರನನ್ನೂ ಚನ್ನರಾಯಪ್ಪನನ್ನೂ ಆರಿಸಿದ್ದಳು. ನನ್ನ ಸಿಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಬೇಜಾರು ಮಾಡ್ಕೋಬೇಡಿ. ನೀವು ಸಿನಿಮಾ ಹಾಡನ್ನೇ ಸ್ಪೀಡಾಗಿ ಓಡಿಸಿದ್ದೀರಿ. ನಿಜ ಹೇಳ್ಬೇಕಂದ್ರೆ ಅವರಿಬ್ರದೂ ನಂಗೆ ಪೂರ್ತಿ ಹಿಡಿಸ್ಲಿಲ್ಲ. ನಮ್ಮ ಈ ಕಡೆಯದೇ ಸದ್ದು ಇರೋದು ಒಂದು ಬೇಕಿತ್ತು. ಸಿಗ್ಲಿಲ್ಲ, ಏನ್ಮಾಡೋದು."

ಅವಳ ಜೀಪು ಹೋಯಿತು. ಅವಮಾನವಾಗಿತ್ತು. ಅಂಥದ್ದೇನು ಮಾಡಿದ್ದಾನೆ ನೋಡೇಬಿಡೋಣ ಎಂದು ಡ್ರಾಯರ್ ಎಳೆದು ಮುರಳಿಯ ಸಿಡಿ ಹಾಕಿದೆ. ಮೂರನೆಯದು.

ಮೊದಲು ಬೋರ್‌ವೆಲ್ ಮೋಟರಿನ ಸದ್ದು. ಅದರ ಮೇಲೆ ಟೊಮೆಟೊ ಮಂಡಿಯಲ್ಲಿ ಕ್ರೇಟುಗಳನ್ನು ಒಂದರ ಮೇಲೊಂದು ಕುಕ್ಕುವ ಸದ್ದು. ಅದೇ ಬೀಟಾಯಿತು. ಬೀಟು ಏರಿ ಏರಿ ಒಮ್ಮೆಲೇ ನಿಂತಿತು. ಆಗ ಒಂದು ಹರೆಯದ ದನಿ ಕೇಳಿಸಿತು: ಹಲೋ, ಒಂದು, ರೆಂಡು, ಮೂರು, ನಾಲುಗು. ಮಕ್ಕಳು ಐದು ಎಂದರು. ಬೀಟು ಮತ್ತೆ ಶುರುವಾಯಿತು.

ಎದುರಿನ ಟೀ ಅಂಗಡಿಯ ಅಂಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅದು ನಿನ್ ದನಿ ಅಲ್ವಾ ಗಂಗುಲಪ್ಪ?"

ಹೌದು ಎಂದೆ. ಹತ್ತು ವರ್ಷದ ಹಿಂದಿನ ಕ್ಯಾಸೆಟ್ಟನ್ನು ಅವನು ಜೋಪಾನವಾಗಿಟ್ಟುಕೊಂಡಿದ್ದ. ಆಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ನನ್ನ ಗಂಟಲನ್ನೂ ನನಗಿಂತ ಚೆನ್ನಾಗಿ ಬಳಸಿದ್ದಾನಲ್ಲ ಎಂದು ಹೊಟ್ಟೆ ಉರಿಯಿತು. ಮೃದುಲಾಳ ನಂಬರು ಮೇಜಿನ ಮೇಲೆಯೇ ಇತ್ತು. ಫೋನ್ ಮಾಡಿದರೆ ಸುಳ್ಳು ಹೇಳಿದ್ದನ್ನೂ ಹೇಳಬೇಕಿತ್ತು. ಮಾಡಲಿಲ್ಲ.

ಮಧ್ಯಾಹ್ನ ಮುರಳಿಯೇ ಫೋನ್ ಮಾಡಿದ.

"ಮೇಡಂ ಏನಂದ್ರು ಗಂಗಣ್ಣ?"

"ಕೇಳಿದ್ರು. ಬೇರೆಯವ್ರನ್ನ ತಗೊಂಡ್ರು."

"ಹೋಗ್ಲಿ ಬಿಡು. ಮೂರನೇದು ನೀನು ಕೇಳ್ದಾ?"

"ಕೇಳ್ದೆ. ನನ್ ದನಿ ಇನ್ನೊಂಚೂರು ಜೋರಿಡಬೇಕಿತ್ತು ಕಣೋ."

ಅವನು ನಕ್ಕ. "ನಿನ್ ದನಿ ಕಡಿಮೆ ಆದ್ರೂ ಹೆಸ್ರು ದೊಡ್ಡದಾಗೇ ಹಾಕಿದ್ದೀನಲ್ಲ, ಕವರ್ ಮೇಲೆ ನೋಡ್ಲಿಲ್ವಾ? ಜಿಲ್ಲೆಗೆ ಇಬ್ರು ಅಂದಿದ್ರಲ್ಲ ಅವ್ರು, ನಾವಿಬ್ರೇ ಇದ್ದೀವಲ್ಲ ಅಂದ್ಕೊಂಡೆ."

ಫೋನ್ ಹಿಡಿದುಕೊಂಡೇ ಕವರನ್ನು ತಿರುಗಿಸಿದೆ. ಸ್ಕೆಚ್ ಪೆನ್ನಿನಲ್ಲಿ ಎರಡು ಹೆಸರು ಬರೆದಿದ್ದ. ಮೇಲಿನದು ನನ್ನದು.