ಬಲಮೂಲೆಯ ಬಸಳೆ

ಗೋಡೆಯ ಕೆಳಭಾಗದುದ್ದಕ್ಕೂ ಬಸಳೆ ಹಬ್ಬಿತ್ತು. ಬಲಮೂಲೆಯೊಂದು ಮಾತ್ರ ಬೋಳಾಗಿತ್ತು. ಅಲ್ಲಿ ಎಲೆ ಚಿಗುರಿದರೂ ಉಳಿಯುತ್ತಿರಲಿಲ್ಲ. ಆ ಬೋಳು ಜಾಗದಲ್ಲಿ ನೀಲಿ ಬಣ್ಣದ ಒಂದು ಸಾಲು ಎದ್ದು ಕಾಣುತ್ತಿತ್ತು. ಬರೆದವನು ನಾನು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ರೇಗುತ್ತದೆ.

ಅದು ಮುಚ್ಚಿಹೋದ ಸಾಬೂನು ಕಾರ್ಖಾನೆಯ ಹಿಂಗೋಡೆ. ಬೀದಿಯ ಕಸವೆಲ್ಲ ಅದರ ಬುಡಕ್ಕೆ ಬೀಳುತ್ತಿತ್ತು. ಅರ್ಜಿ ಕೊಟ್ಟು ಕೊಟ್ಟು ನಮ್ಮ ಚಪ್ಪಲಿ ಸವೆದವೇ ಹೊರತು ಒಂದು ಬುಟ್ಟಿ ಕಸ ಕರಗಲಿಲ್ಲ. ಕೊನೆಗೆ ಸೊಪ್ಪು ಮಾರುವ ಪುಟ್ಟನಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹಿಡಿದಳು. ನಮಗೆಲ್ಲ ಅವಳು ನಿಂಗಕ್ಕ. ಅವಳ ಬಾಯಿಗೆ ಹೆದರಿಯೇ ಅರ್ಧ ಬೀದಿ ಹೊರಗೆ ಬಂತು. ಕಸ ಎತ್ತಿದ ಜಾಗದಲ್ಲಿ ಬಸಳೆ, ದೊಡ್ಡಪತ್ರೆ, ನುಗ್ಗೆ ಎದ್ದವು. ಕುಡಿಯುವುದಕ್ಕೇ ನೀರಿಗೆ ತತ್ವಾರವಿದ್ದ ಬೀದಿ ಅದು. ಹಾಗಾಗಿ ಅಕ್ಕಿ ತೊಳೆದ ಕಲಗಚ್ಚನ್ನು ಮನೆಮನೆಯವರೂ ಸರದಿಯ ಮೇಲೆ ತಂದು ಸುರಿಯಬೇಕೆಂದು ನಿಂಗಕ್ಕ ಕಟ್ಟಳೆ ಮಾಡಿದಳು. ಆ ಬಸಳೆಯೇ ಅವಳ ಬುಟ್ಟಿ ತುಂಬತೊಡಗಿತು. ದೂರದ ಸೊಪ್ಪಿನ ಮಂಡಿಗೆ ನಡೆಯುವುದು ತಪ್ಪಿತು.

ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣು ಕಲಸಿ, ಎಲ್ಲರೂ ತಂತಮ್ಮ ಕಸುಬಿನ ಚಿತ್ರ ಬರೆದರು. ಹೂ ಕಟ್ಟುವವರು ಮಲ್ಲಿಗೆ ದಂಡೆ ಬರೆದರು, ಹಾಸಿಗೆ ಹೊಲಿಯುವ ಹುಸೇನಣ್ಣ ಹತ್ತಿ ಹಿಂಜುವ ಬಿಲ್ಲು ಬರೆದ. ನಿಂಗಕ್ಕ ಬರೆದ ಬುಟ್ಟಿ ಹೊತ್ತ ಹೆಂಗಸಿಗೆ ಎರಡು ಕಣ್ಣೂ ಒಂದೇ ಕಡೆ ಇದ್ದವು. ನಾನು ಅಂಗಡಿಗಳ ಬೋರ್ಡು ಬರೆಯುವವನು. ಮೇಲುಗಡೆ ‘ಇದು ನಮ್ಮ ಬೀದಿ’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ, ಅಷ್ಟೇ. ಆದರೆ ಬೋರ್ಡು ಬರೆಯುವವರ ಕೈಗೊಂದು ಚಾಳಿಯಿದೆ: ಕೆಲಸ ಮುಗಿಸಿ ಕುಂಚ ತೊಳೆಯುವ ಮುನ್ನ ಕೆಳಗಿನ ಬಲಮೂಲೆಯಲ್ಲಿ ಹೆಸರು ಹಾಕುವುದು. ಉಳಿದ ನೀಲಿಯಲ್ಲಿ ಕೈ ತಾನಾಗಿ ‘ಕಲೆ’ ಎಂದು ಬರೆದು ಮುಂದೆ ನನ್ನ ಹೆಸರು ಬರೆಯಿತು. ಬೇರೆ ಯಾರೂ ಗಮನಿಸಲಿಲ್ಲ. ಗಮನಿಸಿದ ನಾನು ಒರೆಸಲಿಲ್ಲ.

ಬೀದಿ ಹೆಸರುವಾಸಿಯಾಯಿತು. ಕಸ ಇದ್ದಾಗ ಮೂಗು ಮುಚ್ಚಿಕೊಂಡು ಓಡುತ್ತಿದ್ದ ಸಾಹೇಬರೆಲ್ಲ ಈಗ ನಗುನಗುತ್ತ ಬಂದರು. ಮೂಲೆಯ ಹೆಸರು ಓದಿ, ನನ್ನನ್ನು ಹುಡುಕಿ, ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. “ಎಲ್ಲಾ ನಿಮ್ಮದೇ ಕೈಚಳಕವಂತೆ?” ಎಂದರು ಒಬ್ಬರು. “ಏನೋ, ಎಲ್ಲರೂ ಒಂದಿಷ್ಟು ಕೈಜೋಡಿಸಿದರು,” ಎಂದೆ. ಆ ವಿನಯಕ್ಕೂ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ನಿಂಗಕ್ಕನ ದನಿ ಕೇಳಿತು: “ಬೀದಿಗೆ ಶಾಲು ಹೊದ್ಸಕ್ಕಾಯ್ತದಾ? ಅದ್ಕೇ ಇವ್ನಿಗೆ ಹೊದ್ಸವ್ರೆ!” ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ತಿಂಗಳೊಳಗೆ ಉದ್ಯಾನ ಇಲಾಖೆಯ ಅಧಿಕಾರಿಯೊಬ್ಬ ಒಂದು ಕಾಗದ ಹಿಡಿದು ನನ್ನ ಅಂಗಡಿಗೆ ಬಂದ. “ಬೀದಿಯನ್ನ ಇನ್ನಷ್ಟು ಚೆಂದ ಮಾಡ್ತೀವಿ. ಇದರ ರೂವಾರಿ ನೀವೇ ತಾನೆ? ಒಪ್ಪಿಗೆ ಹಾಕಿ.” ರೂವಾರಿ ಎಂದೊಡನೆ ನಾನು ಉಬ್ಬಿಹೋದೆ. ಓದದೆ ಸಹಿ ಹಾಕಿದೆ. ‘ಗಿಡಗಳಿಗೆ ಮನೆಯ ನೀರು ಸುರಿಯಬಾರದು’ ಎಂಬ ಬೋರ್ಡನ್ನೂ ನನ್ನಿಂದಲೇ ಬರೆಸಿದರು. ಯಾಕೆ ಎಂದು ಸಹ ಕೇಳದ ಮುಠ್ಠಾಳ ನಾನು.

ಎರಡೇ ದಿನದಲ್ಲಿ ಆಳುಗಳು ಬಂದು ಬಸಳೆ ಚಪ್ಪರವನ್ನು ಬೇರುಸಹಿತ ಕಿತ್ತು, ಅಲಂಕಾರದ ತಾಳೆ ಗಿಡ ನೆಟ್ಟರು. “ಯಾರ್ನ ಕೇಳಿ ಕೀಳ್ತಿದೀರಾ?” ಎಂದು ಅಡ್ಡ ನಿಂತ ನಿಂಗಕ್ಕನಿಗೆ ಅಧಿಕಾರಿ ಕಾಗದ ತೋರಿಸಿದ. ಅವಳಿಗೆ ಓದು ಬಾರದು. ಹುಸೇನಣ್ಣ ಓದಿ ಹೇಳಿದ.

ಮಣ್ಣುಗೈಯಲ್ಲೇ ಅವಳು ನನ್ನ ಅಂಗಡಿಗೆ ನುಗ್ಗಿದಳು.

“ಗಿಡ ಯಾರ್ದೋ ತಮ್ಮಾ?”

ನಾನು ಕೈಯಲ್ಲಿದ್ದ ಕುಂಚ ಕೆಳಗಿಟ್ಟೆ.

“ಒಂದಿನಾನಾದ್ರೂ ಕಲಗಚ್ಚು ಹೊತ್ತಿದೀಯಾ? ಯಾವ ಬಾಯಲ್ಲಿ ಕಿತ್ಕಳಿ ಅಂದೆ?”

“ಓದದೆ ಸಹಿ ಹಾಕ್ಬಿಟ್ಟೆ ಅಕ್ಕ.”

“ಹೆಬ್ಬೆಟ್ಟಿನೋಳು ನಾನೇ ಕಾಗ್ದ ಕೊಟ್ರೆ ಹತ್ತು ಜನಾನ ಕೇಳ್ತೀನಿ. ಓದಕ್ ಬರೋ ನಿಂಗೇನಾಗಿತ್ತು ರೋಗ?”

“ತಪ್ಪಾಯ್ತು. ಗೋಡೆ ಮೇಲಿನ ಹೆಸರು ಈಗಲೇ ಒರೆಸ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ! ಒರೆಸ್ಬುಟ್ರೆ ಎಲ್ರೂ ಮರೀತಾರೆ. ನೀನೂ ಮರೀತೀಯ. ಇರ್ಲಿ ಅದು.”

ಅವಳು ಮತ್ತೆ ಮಂಡಿಯ ದಾರಿ ಹಿಡಿದಳು. ಬೆಳಗಿನ ಜಾವವೇ ಹೊರಟು, ಕಾಲು ಊದಿಸಿಕೊಂಡು ಹಿಂದಿರುಗುತ್ತಿದ್ದಳು. ತಾಳೆಗಳಿಗೆ ನೀರುಣಿಸುವ ಟ್ಯಾಂಕರು ಹದಿನೈದು ದಿನ ಬಂದು, ಆಮೇಲೆ ನಿಂತೇಹೋಯಿತು. ಕಲಗಚ್ಚು ಚರಂಡಿ ಪಾಲಾಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ತಾಳೆಗಳು ಒಣಗಿ ಪೊರಕೆಯಾದವು. ಕೇಳಲು ಒಬ್ಬ ಸಾಹೇಬನೂ ಬರಲಿಲ್ಲ. ನಿಂಗಕ್ಕ ಒಂದು ದಿನ ನನ್ನ ಬೋರ್ಡನ್ನು ಕಿತ್ತು, ಅದರ ಕಂಬವನ್ನೇ ಚಪ್ಪರಕ್ಕೆ ಊರಿದಳು. ಹಿತ್ತಿಲ ಒಡಕು ಮಡಕೆಯಲ್ಲಿ ಉಳಿಸಿಕೊಂಡಿದ್ದ ಬಸಳೆಯ ಕಡ್ಡಿ ತಂದು, ಮೊದಲನೆಯದನ್ನು ಬಲಮೂಲೆಯಲ್ಲಿ ನೆಟ್ಟಳು.

ಬಳ್ಳಿ ಹಬ್ಬಿ ನನ್ನ ಹೆಸರನ್ನು ಮುಚ್ಚತೊಡಗಿತು. ಕ್ಷಮಿಸಿದಳು ಎಂದುಕೊಂಡೆ. ಒಂದು ಶುಕ್ರವಾರ ಬೆಳಿಗ್ಗೆ ಬುಟ್ಟಿ ಹಿಡಿದು ಬಂದವಳು ಮೊದಲು ಆ ಮೂಲೆಗೇ ಕೈ ಹಾಕಿದಳು. ಒಂದೆಲೆಯೂ ಬಿಡದೆ ಕಿತ್ತಳು. ಹೆಸರು ಪೂರ್ತಿ ಕಂಡ ಮೇಲೆಯೇ ಮುಂದಿನ ಬಳ್ಳಿಗೆ ಸರಿದಳು. ಅವಳಿರುವವರೆಗೆ ಒಂದು ಶುಕ್ರವಾರವೂ ಇದು ತಪ್ಪಲಿಲ್ಲ.

ಅವಳು ಹೋದ ಮೇಲೆ ಬಳ್ಳಿ ಮತ್ತೆ ಮೂಲೆಗೆ ಹಬ್ಬಿತು. “ಇನ್ನಾದ್ರೂ ಆ ಹೆಸ್ರು ಮುಚ್ಚೋಗ್ಲಿ ಬಿಡೋ ಮಾರಾಯಾ,” ಎಂದ ಹುಸೇನಣ್ಣ.

ನಾನು ಬಿಡಲಿಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯ ಕಲಗಚ್ಚನ್ನು ಹೊತ್ತು ಹೋಗಿ ಬುಡಕ್ಕೆ ಸುರಿಯುತ್ತೇನೆ. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು, ಆ ಮೂಲೆಯ ಎಲೆಗಳನ್ನು ಒಂದೊಂದಾಗಿ ಕೀಳುತ್ತೇನೆ.