ಬಲಜೇಬು

ತುರಿಕೆ ಮತ್ತೆ ಶುರುವಾದದ್ದು ಕಾರ್ಖಾನೆಯಲ್ಲಿ, ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತಿದ್ದಾಗ. ಬಲತೊಡೆಯ ಸಂದಿನಲ್ಲಿ ಹುಟ್ಟಿದ ಉರಿ ಗುಪ್ತಾಂಗದ ಚರ್ಮಕ್ಕೆ ಹಬ್ಬಿತು. ಅವನು ಕಾಲು ಬದಲಿಸಿ ನಿಂತ.

“ಏನಣ್ಣಾ, ನಿಂತಲ್ಲೇ ಕುಣೀತಿದ್ದೀಯ? ಅತ್ತಿಗೆ ಹೊಸ ಹೆಜ್ಜೆ ಕಲಿಸಿದ್ರಾ?” ಎಂದ ಪಕ್ಕದ ಯಂತ್ರದವನು.

“ನಿನ್ನ ಕೆಲಸ ನೋಡ್ಕೋ, ಬೆರಳು ಹೋದೀತು.”

ಎಲ್ಲರೂ ನಕ್ಕರು. ಅವನೂ ನಕ್ಕ. ನಗದಿದ್ದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಕಾರಣ ತನಗೆ ಗೊತ್ತಿದೆಯೆಂದು ಅವನು ತಿಳಿದಿದ್ದ. ಹಿಂದಿನ ವರ್ಷ ಯಂತ್ರ ಕೂರಿಸಲು ಪರವೂರಿಗೆ ಹೋದಾಗ, ವಸತಿಗೃಹದಲ್ಲಿ ಪರಿಚಯವಾದ ಹೆಂಗಸೊಬ್ಬಳೊಂದಿಗೆ ರಾತ್ರಿ ಕಳೆದಿದ್ದ. ತುರಿಕೆ ಬಂದದ್ದು ಅದಾದ ಮೇಲೆ. ಆದ್ದರಿಂದ ಅದರಿಂದಲೇ ಬಂತು ಎಂದು ತೀರ್ಮಾನಿಸಿದ. ರಜೆಯಲ್ಲಿ ಅಡಗಿದರೆ ಕದ್ದು ಹಚ್ಚಿಕೊಂಡ ಮುಲಾಮಿನ ಗುಣವೆಂದುಕೊಂಡ. ಕೆಲಸಕ್ಕೆ ಮರಳಿದಾಗ ಮರುಕಳಿಸಿದರೆ ರೋಗ ರಕ್ತಕ್ಕಿಳಿದಿದೆಯೆಂದು ಹೆದರಿದ.

ಹೆಂಡತಿಗೆ ಅಂಟಬಾರದೆಂದು ಬೆನ್ನುನೋವಿನ ನೆಪ ಹೇಳಿ ಹಜಾರದಲ್ಲಿ ಹಾಸಿಗೆ ಹಾಸಿಕೊಂಡ. ತನ್ನ ಬಟ್ಟೆಯನ್ನು ತಾನೇ ತಣ್ಣೀರಿನಲ್ಲಿ ಜಾಲಿಸಿ ಬಾಗಿಲ ಹಿಂದೆ ಒಣಹಾಕತೊಡಗಿದ. ಅವಳು ಮೊದಮೊದಲು ಕೋಣೆಯ ಬಾಗಿಲನ್ನು ತೆರೆದೇ ಇಡುತ್ತಿದ್ದಳು. ಈಚೆಗೆ ಮುಚ್ಚುತ್ತಿದ್ದಳು, ಆದರೆ ಚಿಲಕ ಹಾಕುತ್ತಿರಲಿಲ್ಲ. ಅಷ್ಟನ್ನು ಅವನು ಕಿವಿಗೊಟ್ಟು ತಿಳಿದಿದ್ದ.

ಕೊನೆಗೆ ಉರಿ ತಾಳಲಾಗದೆ, ಕೆಲಸದ ಬಟ್ಟೆಯಲ್ಲೇ ಚರ್ಮದ ಡಾಕ್ಟರ ಬಳಿ ಹೋದ. ಡಾಕ್ಟರು ಹೆಂಗಸೆಂದು ಕಂಡೊಡನೆ ಹಿಂದೆ ಸರಿದ.

“ಬನ್ನಿ, ಕೂತ್ಕೊಳ್ಳಿ. ನಾನು ದಿನವಿಡೀ ನೋಡೋದು ಇದನ್ನೇ,” ಎಂದರು ಆಕೆ.

ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಆಕೆ ಮುಖ ಸಿಂಡರಿಸಲಿಲ್ಲ. ಪರೀಕ್ಷಿಸಿದರು; ಆಮೇಲೆ ಅವನು ಕಳಚಿಟ್ಟ ಪ್ಯಾಂಟನ್ನು ನೋಡಿದರು. ಬಲಜೇಬು ಕಪ್ಪಾಗಿ ತೊಯ್ದಿತ್ತು.

“ಇದರೊಳಗೇನು?”

“ಕೈ ಒರೆಸೋ ಬಟ್ಟೆ. ನಾವೆಲ್ಲ ಜೇಬಲ್ಲೇ ಇಡೋದು. ಆ ಕಪ್ಪು, ಲೋಹ ಕೊರೆಯುವಾಗ ಸುರಿಯೋ ಎಣ್ಣೆ.”

“ಎಣ್ಣೆ ಜೇಬು ದಾಟಿ ಚರ್ಮ ಸುಡ್ತಿದೆ. ಅದಕ್ಕೇ ಬಲಗಡೆ ಮಾತ್ರ. ಪ್ಯಾಂಟು ಯಾರು ಒಗೀತಾರೆ?”

“ಈಗ ನಾನೇ. ಮೊದಲು ಹೆಂಡತಿ, ಬಿಸಿನೀರಲ್ಲಿ ನೆನೆಸಿ.”

“ಅವರು ಒಗೀತಿದ್ದಾಗ ಇಷ್ಟು ಜೋರಿತ್ತಾ?”

ಅವನು ಯೋಚಿಸಿದ. ಇರಲಿಲ್ಲ.

“ಆದರೂ ರಕ್ತಪರೀಕ್ಷೆ ಮಾಡಿಸೋಣ. ಅನುಮಾನ ಇಟ್ಕೊಂಡು ಬದುಕಬೇಡಿ.”

ವಾರ ಕಳೆದು ಫಲಿತಾಂಶ ಬಂತು: ಯಾವ ಸೋಂಕೂ ಇಲ್ಲ. ಅವನು ನೆಟ್ಟಗೆ ಮನೆಗೆ ನಡೆದ. ಹೆಂಡತಿ ಬಚ್ಚಲಲ್ಲಿ ಬಟ್ಟೆ ನೆನೆಸುತ್ತಿದ್ದಳು. ತನ್ನ ಕೆಲಸದ ಪ್ಯಾಂಟನ್ನು ಚಾಚಿದ.

“ಇದನ್ನೂ ಹಾಕ್ತೀಯಾ?”

“ಇವತ್ತೇನು, ನನ್ನ ಕೈ ಆಗಿಬಂತಾ?”

“ತುರಿಕೆ ಇತ್ತು ಕಣೇ. ಜೇಬಿನ ಎಣ್ಣೆಯಿಂದ ಅಂತ ಡಾಕ್ಟರು ಹೇಳಿದ್ರು. ಈಗ ಭಯ ಇಲ್ಲ.”

ಅವಳು ಪ್ಯಾಂಟು ತೆಗೆದುಕೊಳ್ಳಲಿಲ್ಲ. “ತುರಿಕೆಗೆ ಬೆನ್ನುನೋವು ಅಂದ್ರಾ? ಹಜಾರಕ್ಕೆ ಹೋದ್ರಾ? ನನಗೆ ಏನು ಅಂಟುತ್ತೆ ಅಂತ ಹೆದರಿದ್ರಿ, ರೀ?”

ಸುಳ್ಳೊಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಹೊಸ್ತಿಲ ಮೇಲೆ ಕುಳಿತ.

“ಯಂತ್ರ ಕೂರಿಸೋಕೆ ಹೋಗಿದ್ನಲ್ಲ...”

ಅವಳು ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಪ್ಯಾಂಟನ್ನು ಈಸಿಕೊಂಡು, ಜೇಬನ್ನು ಹೊರಕ್ಕೆಳೆದು, ಬಿಸಿನೀರಿನಲ್ಲಿ ಅದ್ದಿದಳು. ತನ್ನ ಬಟ್ಟೆಗಳಿದ್ದ ಬಕೆಟ್ಟಿನಲ್ಲಲ್ಲ, ಇನ್ನೊಂದರಲ್ಲಿ. ಸೀರೆಗೆ ಕೈ ಒರೆಸಿಕೊಂಡು ಅವನನ್ನು ದಾಟಿ ಕೋಣೆಗೆ ಹೋದಳು.

ಬಾಗಿಲು ಮುಚ್ಚಿತು. ಕಿವಿಗೊಡುವ ಅಗತ್ಯವಿರಲಿಲ್ಲ, ಚಿಲಕದ ಸದ್ದು ಬಚ್ಚಲವರೆಗೂ ಕೇಳಿಸಿತು.